ಗೆಣಸಿನ ಕುಲಬಾಂಧವರು

ನನಗೆ ಗಿಡಮರಗಳ ಬಗ್ಗೆ ಏನೂ ತಿಳಿಯದು ಎಂದು ಹೆಂಡತಿ ಹೇಳುತ್ತಿದ್ದದ್ದು ಹಳೆಯ ಮಾತು. ಈಗ ಯಾವ ಗಿಡದ ಮುಂದೆ ಮೊಬೈಲ್ ಹಿಡಿದರೂ ಅದರ ಹೆಸರು, ಕುಲ, ಗೋತ್ರ ಎಲ್ಲ ಬರುತ್ತವೆ. ನಮ್ಮ ಮದುವೆಯಲ್ಲೂ ಇಷ್ಟು ವಿಚಾರಣೆ ನಡೆದಿರಲಿಲ್ಲ!

ಶಿವರಾತ್ರಿಗೆಂದು ದಡ್ಡಿ ಎಂಬ ತಮ್ಮ ಊರಿನಿಂದ ಅತ್ತೆ ಬಂದಿದ್ದರು. ಹಗಲೆಲ್ಲ ಬರೀ ನೀರು ಕುಡಿದು, ಸಂಜೆ ಪೂಜೆಯಾದ ಮೇಲೆ ಕುದಿಸಿದ ಗೆಣಸು ತಿನ್ನುವುದು ಅವರ ಪದ್ಧತಿ. ಗೆಣಸು ತರುವ ಘನಕಾರ್ಯ ಅಳಿಯನಾದ ನನ್ನ ಪಾಲಿಗೆ ಬಂದಿತ್ತು. ನಾನು ಚಹಾ ಕುಡಿದು, ಪೇಪರ್ ಓದಿ, ಮತ್ತೊಮ್ಮೆ ಚಹಾ ಕುಡಿದು ಗೋಕಾಕದ ಪೇಟೆ ಮುಟ್ಟಿದಾಗ ಗೆಣಸಿನ ಖಾಲಿ ಚೀಲಗಳಷ್ಟೇ ಉಳಿದಿದ್ದವು.

ಬರಿಗೈಯಲ್ಲಿ ಘಟಪ್ರಭಾದ ಮನೆಗೆ ಮರಳುವಾಗ ಕಾಲುವೆಯ ದಂಡೆಯಲ್ಲಿ ತಿಳಿನೇರಳೆ ಹೂ ಬಿಟ್ಟ ಪೊದೆ ಕಂಡಿತು. ಮೊಬೈಲ್ ಹಿಡಿದೆ. 'ಗೆಣಸಿನ ಕುಲಕ್ಕೆ ಸೇರಿದ ಕಾಡುಗಿಡ' ಎಂದಿತು. ಕೆಳಗೆ ಇನ್ನೂ ಏನೋ ಬರೆದಿತ್ತು. ಒಳ್ಳೆಯ ಸುದ್ದಿ ಸಿಕ್ಕ ಮೇಲೆ ಮುಂದೆ ಓದುವ ಚಟ ನನಗಿಲ್ಲ.

ಬಾಜೂ ಹೊಲದ ಕಾಕಾನ ಹತ್ತಿರ ಗುದ್ದಲಿ ಕೇಳಿದೆ. ಯಾತಕ್ಕೆ ಎಂದರು. ಸಂಶೋಧನೆಗೆ ಎಂದೆ. ಅಂಗಿ ಬೆವರಿನಲ್ಲಿ ತೊಯ್ದ ಮೇಲೆ ಬೇರು ಹೊರಬಂತು. ಕಟ್ಟಿಗೆಯಷ್ಟು ಗಟ್ಟಿ. ಕಾಡಿನ ನೆಂಟರು ಸ್ವಲ್ಪ ಒರಟಾಗಿಯೇ ಇರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಸಾಕ್ಷಿಗೆ ಇರಲಿ ಎಂದು ಹೂವಿನ ಟೊಂಗೆಯನ್ನೂ ತಂದೆ.

ಹೆಂಡತಿ, ಅತ್ತೆ ಗುಡಿಗೆ ಹೋಗಿದ್ದರು. ಬೇರು ತೊಳೆದು ಕುಕ್ಕರಿಗೆ ಹಾಕಿದೆ. ಸೀಟಿ ಮೇಲೆ ಸೀಟಿ ಹೊಡೆಯಿತು. ಚಾಕು ಚುಚ್ಚಿದರೆ ಚಾಕುವೇ ಬಾಗಿತು. ಮತ್ತೆ ನೀರು ಸುರಿದು ಇಟ್ಟೆ. ಅಡುಗೆಮನೆಯಲ್ಲಿ ಎಂಥದೋ ಕಮಟು ವಾಸನೆ ಏಳುವ ಹೊತ್ತಿಗೆ ಇಬ್ಬರೂ ಬಂದರು.

ಹಸಿದ ಅತ್ತೆ ಟೊಂಗೆಯತ್ತ ನೋಡಿ, ಕುಕ್ಕರಿನತ್ತ ನೋಡಿ, ನನ್ನತ್ತ ನೋಡಿದರು.

"ಅಳಿಯಾಂದ್ರ, ಇದು ಬೇಶರಮ್ ಗಿಡ ಐತ್ರಿ. ಆಡು ಸುದ್ದಾ ಬಾಯಿ ಹಾಕೂದಿಲ್ಲ. ನಮ್ಮ ಕಡೆ ಬೇಲಿಗಿ ಹಚ್ಚತಾರ."

"ಗೆಣಸಿನ ಕುಲಾನ ಐತ್ರಿ, ಅತ್ತಿ," ಎಂದು ನಾನು ಮೊಬೈಲ್ ಮುಂದೆ ಮಾಡಿದೆ.

ಹೆಂಡತಿ ಅದನ್ನು ಕಸಿದುಕೊಂಡು ನಾನು ಬಿಟ್ಟ ಸಾಲನ್ನು ಜೋರಾಗಿ ಓದಿದಳು: ವಿಷಕಾರಿ, ತಿನ್ನಬಾರದು. ಉಪವಾಸವಿದ್ದ ಹಿರಿಯರಿಗೆ ನಾನು ವಿಷ ಕುದಿಸಿ ಇಟ್ಟಿದ್ದೆ. ಓಡಿಹೋಗಿ ಒಲೆ ಆರಿಸಿದೆ.

ಅತ್ತೆ ಮಾತ್ರ ಬಾಳೆಹಣ್ಣು ಸುಲಿಯುತ್ತ ಶಾಂತವಾಗಿ ಹೇಳಿದರು: "ಕುಲಾ ಕೇಳಿ ಹೆಣ್ಣ ತರಬಹುದ್ರಿ, ಕಾಯಿಪಲ್ಯಾ ತರಾಕ ಆಗೂದಿಲ್ಲ."

ಆ ಕುಕ್ಕರನ್ನು ಹೆಂಡತಿ ಮತ್ತೆಂದೂ ಒಲೆಗೆ ಏರಿಸಲಿಲ್ಲ. ಅತ್ತೆ ಈಗ ಬರುವಾಗ ಗೆಣಸನ್ನು ತಾವೇ ಕಟ್ಟಿಕೊಂಡು ಬರುತ್ತಾರೆ. ಹಿತ್ತಲಿಗೆ ಎಸೆದ ಆ ಟೊಂಗೆ ಮಳೆಗೆ ಬೇರು ಬಿಟ್ಟು ಪೊದೆಯಾಗಿ ನಿಂತಿದೆ. ಹೆಂಡತಿ ಬಂದವರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳುತ್ತಾಳೆ. ಓಣಿಯ ಆಡುಗಳು ಬಂದು ಒಮ್ಮೆ ಮೂಸಿ ನೋಡಿ, ಮುಂದೆ ಹೋಗುತ್ತವೆ. ಪಾಪ, ಅವುಗಳ ಹತ್ತಿರ ಮೊಬೈಲ್ ಇಲ್ಲ.