ಚಿಕ್ಕಪ್ಪನ ಕನ್ವರ್ಟರ್ ಪರೀಕ್ಷೆ

ನಮ್ಮ ಚಿಕ್ಕಪ್ಪನ ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಸಿಗುವುದು ಕಣ್ಣಿಗೊಂದು ಪಟ್ಟಿ! ನಂಬುವುದಿಲ್ಲವೇ? ಇಸಳೂರಿಗೆ ಬನ್ನಿ. ನಿವೃತ್ತ ಮಾಸ್ತರರಾದ ಅವರ ಬಳಿ ಎರಡು ಸಿ.ಡಿ. ಪ್ಲೇಯರುಗಳಿವೆ. ಒಂದು ಹಳೆಯದು, ಒಂದು ಹೊಸದು. ಸಿ.ಡಿ.ಯೊಳಗಿನ ಅಂಕಿಗಳನ್ನು ದನಿಯಾಗಿಸುವ 'ಕನ್ವರ್ಟರ್' ಎಂಬ ಭಾಗ ಎರಡರಲ್ಲೂ ಬೇರೆ ಬೇರೆ. ಆದ್ದರಿಂದ ಒಂದೇ ಸಿತಾರ್ ಸಿ.ಡಿ. ಹಾಕಿದರೂ ಎರಡರಲ್ಲಿ ಬೇರೆ ಬೇರೆಯಾಗಿ ಕೇಳುತ್ತದೆ ಎಂಬುದು ಅವರ ವಾದ. ಸಿಕ್ಕಿದವರ ಕಣ್ಣಿಗೆ ಟವೆಲ್ ಕಟ್ಟಿ, ಯಾವುದು ಯಾವುದೆಂದು ಕೇಳುತ್ತಾರೆ.

ಮಗಳನ್ನು ನೋಡಲು ಬಂದ ಹುಡುಗನ ಅಪ್ಪನನ್ನೂ ಬಿಡಲಿಲ್ಲ! "ಎರಡೂ ಒಂದೇ ನಮನಿ ಕೇಳ್ತು" ಎಂದರು ಆ ಮಹಾನುಭಾವರು.

"ಇಂಥಾ ಕಿವಿ ಇದ್ದ ಮನೆಗೆ ಆನು ಕೂಸ್ನ ಕೊಡ್ತ್ನಿಲ್ಲೆ!" ಚಿಕ್ಕಪ್ಪ ಸಿಡಿದರು.

ಚಿಕ್ಕಮ್ಮ ಎರಡು ಸಲ ಕೇಸರಿಬಾತ್ ಬಡಿಸಿ ಸಂಬಂಧ ಉಳಿಸಿಕೊಂಡಳು.

ಆ ಪ್ಲೇಯರುಗಳನ್ನು ರಿಪೇರಿ ಮಾಡುವ ಯಲ್ಲಾಪುರದ ಸಾಹೇಬರು ಚಿಕ್ಕಪ್ಪನ ಹಳೆಯ ಸ್ನೇಹಿತರು. ಅವರೂ ಒಪ್ಪಲಿಲ್ಲ.

"ಅಳತೆ ಮಾಡಿದ್ರೆ ಕೂದ್ಲಷ್ಟು ಫರಕ್ ಇರಬಹುದು ಮಾಸ್ತರ್ರೆ. ಕಿವಿಗೆ ಗೊತ್ತಾಗಲ್ಲ."

"ನಿಮ್ಮ ಕಿವಿಗೆ!"

ಕಡೆಗೊಂದು ಭಾನುವಾರ ಪಂದ್ಯವೇ ಏರ್ಪಟ್ಟಿತು. ಟವೆಲ್ ಚಿಕ್ಕಪ್ಪನ ಕಣ್ಣಿಗೆ. ಪ್ಲೇಯರ್ ಬದಲಿಸುವವರು ಸಾಹೇಬರು, ಬರೆದುಕೊಳ್ಳುವವನು ನಾನು, ತೀರ್ಪು ಚಿಕ್ಕಮ್ಮನದು.

"ಹಳೇದು! ತಂತಿ ಎಷ್ಟು ಚಂದ ಮಾತಾಡ್ತು ನೋಡು" ಎಂದರು. ಓಡುತ್ತಿದ್ದದ್ದು ಹೊಸದು! "ಇದು ಹೊಸದು, ದನಿಯೇ ಒಣಗಿಹೋಯ್ದು" ಎಂದರು. ಅದು ಹಳೆಯದು! ಐದನೆಯ ಸಲ ಸಿತಾರ್ ಮೆಲ್ಲಗೆ ಶುರುವಾಗಿಬಿಟ್ಟಿತ್ತು. ಚಿಕ್ಕಪ್ಪ ಮಾತ್ರ, "ಹಾಕಿ ಸಾಹೇಬ್ರೆ, ಎಂತಕ್ಕೆ ತಡ?" ಎಂದರು.

ನನಗೆ ನಗು ಬಂತು. ಚಿಕ್ಕಮ್ಮ ನಗಲಿಲ್ಲ. ಸಾಹೇಬರೂ ನಗಲಿಲ್ಲ, ಸುಮ್ಮನೆ ದನಿ ಹೆಚ್ಚಿಸಿದರು.

ಹತ್ತರಲ್ಲಿ ಮೂರು ಸರಿ. ಚೀಟಿಯನ್ನು ಚಿಕ್ಕಮ್ಮನ ಕೈಗಿತ್ತೆ. ಅವಳು ಓದಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, "ಹತ್ತಕ್ಕೆ ಒಂಬತ್ತು" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ನನ್ನ ಕಾಲು ತುಳಿದರು!

"ಸೋತೆ ಮಾಸ್ತರ್ರೆ" ಎಂದರು ಅವರು, ಗಟ್ಟಿಯಾಗಿ. "ನನ್ನ ಕಿವಿದೇ ಏನೋ ಗಡಬಡ ಆಗಿದೆ. ನಾಳೆ ಶಿರಸಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸ್ಬೇಕು, ಒಬ್ನೇ ಹೋಗೋಕೆ ಹೆದ್ರಿಕೆ. ನೀವೂ ಬಂದು, ಮೊದ್ಲು ನಿಮ್ಮದು ತೋರಿಸಿ ಧೈರ್ಯ ಕೊಡ್ತೀರಾ?"

"ಅದಕ್ಕೆಂತ, ಬರ್ತೆ!" ಚಿಕ್ಕಪ್ಪನ ಎದೆ ಉಬ್ಬಿತು.

ಸಾಹೇಬರು ಅಂಗಳಕ್ಕಿಳಿದ ಮೇಲೆ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. ಅದು ಪಿಸುಮಾತೆಂದು ಅವರು ತಿಳಿದಿದ್ದರು. ಮಾತು ಗೇಟಿನವರೆಗೂ ಕೇಳಿಸಿತು.

"ಪಾಪ, ಸಾಹೇಬ್ರ ಕಿವಿ ಹೋಯ್ದು. ಅವ್ರ ಎದುರಿಗೆ ಹೇಳಡ, ಬೇಜಾರ್ ಮಾಡ್ಕತ್ತ."

ಬೈಕ್ ಹತ್ತಿದ್ದ ಸಾಹೇಬರು ಏನೂ ಕೇಳಿಸದವರಂತೆ ಕಿಕ್ ಹೊಡೆದರು.