ಪಂಢರಿನಾಥರ ಹೊಗೆ

“ಕಾಕಾ, ನಾಳೆನೂ ಸೈಕಲ್ ಮ್ಯಾಲೇ ಬರ್ತೀರಲಾ?” ಎಂದು ಸಂಪದಾ ನಗುತ್ತ ಕೇಳಿದ ಒಂದು ಮಾತು ಪಂಢರಿನಾಥರ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದು ಉಳಿಯಿತು.

ಲಕಮನಹಳ್ಳಿಯ ಪಂಪಿನ ಕಾರ್ಖಾನೆಯಲ್ಲಿ ಅವರು ಸ್ಟೋರ್ ಕೀಪರ್. ನೌಕರಿ ಸೇರಿದಂದಿನಿಂದ ಸೈಕಲ್ ತುಳಿದೇ ಬಂದವರು. ಹೋಗುವಾಗಲೂ ಏರು, ಬರುವಾಗಲೂ ಏರು ಅನ್ನುವಂಥ ದಾರಿ. ಈಚೆಗೆ ಅವರ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಇಂಥ ಹೊತ್ತಿಗೆ ಸರಿಯಾಗಿ, ಗಾಳಿ ಸ್ವಚ್ಛ ಮಾಡುತ್ತೇವೆಂದು ಕಂಪನಿ ಹೊರಟಿತು. ಪೆಟ್ರೋಲ್ ಗಾಡಿ ತಂದೊಪ್ಪಿಸಿದ ನೌಕರನಿಗೆ ಬ್ಯಾಟರಿ ಸ್ಕೂಟರ್ ಪುಕ್ಕಟೆ. ಅದನ್ನೆಲ್ಲ ನೋಡಿಕೊಳ್ಳುವವಳು ಸಂಪದಾ. ಪಂಢರಿನಾಥರು ನಾಚಿಕೆ ಬಿಟ್ಟು ತಮಗೂ ಒಂದು ಕೇಳಿದಾಗ ಅವಳು ಪೇಚಾಡಿದ್ದಳು. “ನೀವು ಹೊಗಿನೇ ಬಿಡೂದಿಲ್ಲಲಾ ಕಾಕಾ. ಕಡಿಮಿ ಮಾಡ್ಲಿಕ್ಕೆ ನಿಮ್ಮ ಹತ್ರ ಏನದ?”

ಹುಟ್ಟಿದಾಗಿನಿಂದ ಹೆಂಡ ಮುಟ್ಟದವನು, ಕುಡಿತ ಬಿಟ್ಟವನಿಗೆ ನಡೆಯುವ ಸನ್ಮಾನವನ್ನು ಹಿಂದಿನ ಸಾಲಿನಲ್ಲಿ ಕೂತು ನೋಡಿದಂತಾಗಿತ್ತು ಅವರಿಗೆ. ಅದರ ಮೇಲೆ ಈ ಚುಚ್ಚುಮಾತು.

ಪಕ್ಕದ ಮನೆಯ ಕುಬೇರಪ್ಪನವರು ಕಾಳುಕಡಿ ವ್ಯಾಪಾರಿ. ಕಟ್ಟೆಯ ಮೇಲೆ ಕೂತೇ ಎಲ್ಲ ಕೇಳಿಕೊಂಡರು.

“ಹೊಗಿ ಬೇಕು, ಅಷ್ಟ ಹೌದಲ್ರಿ? ನಮ್ಮ ಅಮರಗೋಳದ ಗೋದಾಮಿನ್ಯಾಗ ಅಪ್ಪನ ಸ್ಕೂಟರ್ ಬಿದ್ದೈತಿ. ನಿಮ್ಮ ಸೈಕಲ್ ನನಗ ಕೊಡ್ರಿ, ಅದನ್ನ ನೀವು ಇಟ್ಕೋರಿ. ಮೈ ಇಳಸು ಅಂತ ಡಾಕ್ಟರ್ ಬೆನ್ನ ಹತ್ಯಾನ.”

ಬೆಳಗಾಗುವುದರೊಳಗೆ ಸ್ಕೂಟರ್ ಟೆಂಪೋದಲ್ಲಿ ಬಂದಿಳಿಯಿತು, ಸೈಕಲ್ ಆಚೆ ಮನೆಗೆ ಹೋಯಿತು. ವರ್ಷಗಟ್ಟಲೆ ಬ್ಯಾಡಗಿ ಮೆಣಸಿನಕಾಯಿ ಚೀಲಗಳ ಅಡಿ ಮಲಗಿದ್ದ ಸ್ಕೂಟರ್ ಅದು. ಮೈಯೆಲ್ಲ ಕೆಂಪು ಧೂಳು. ಪಂಢರಿನಾಥರು ಒದ್ದೇ ಒದ್ದರು. ಕೆರೆಯಲ್ಲಿ ಕೂತ ಎಮ್ಮೆಯಂತೆ ಅದು ಮಿಸುಕಲಿಲ್ಲ.

“ಓರೆ ಮಾಡ್ರಿ ಪಂಢರಿನಾಥ, ನಮ್ಮನಿಯವರೂ ಮೊದ್ಲ ಓರೆ ಮಾಡೇ ಒದೀತಿದ್ರು,” ಎಂದರು ಎದುರು ಮನೆಯ ಅಂಬಾಬಾಯಿ.

ಓರೆ ಮಾಡಿ ಒದ್ದರು. ಸ್ಕೂಟರ್ ಒಮ್ಮೆ ಕೆಮ್ಮಿತು. ಆಮೇಲೆ ಓಣಿಯೆಲ್ಲ ಕೆಮ್ಮಿತು. ಒಗ್ಗರಣೆ ಸೀದಂತೆ ಘಾಟು ಎದ್ದಿತು. ಅಂಬಾಬಾಯಿಯವರು ಹೊರಸಿನ ಮೇಲೆ ಹರವಿದ್ದ ಸಂಡಿಗೆ, ಒಣಗುವ ಮೊದಲೇ ಕರಿದ ಬಣ್ಣಕ್ಕೆ ಬಂತು.

ಹೆಂಡತಿ ವಿದ್ಯಾ ಸೆರಗು ಮೂಗಿಗೆ ಹಿಡಿದು ಹೇಳಿದರು: “ರೀ, ಈ ಹೊಗಿ ನೋಡಿದ್ರ ಕಂಪನ್ಯವರು ಎರಡು ಸ್ಕೂಟರ್ ಕೊಡ್ತಾರ.”

ದಾರಿಯಲ್ಲಿ ಪೊಲೀಸನೊಬ್ಬ ತಡೆಯಲು ಕೈ ಎತ್ತಿದ. ಸೀನು ಬಂದು ಅದೇ ಕೈ ಮೂಗಿಗೆ ಹೋಯಿತು. ಏರು ಬಂತು, ಮೊಣಕಾಲು ಕಿರುಗುಟ್ಟಲಿಲ್ಲ. ಪಂಢರಿನಾಥರ ಕಣ್ಣಲ್ಲಿ ನೀರು ಬಂತು. ಖುಷಿಗೋ, ಘಾಟಿಗೋ ಅವರಿಗೇ ತಿಳಿಯಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಪೆಂಡಾಲು. ಹಾರ ಹಿಡಿದ ಸಂಪದಾ, ಕೀಲಿ ಹಿಡಿದ ಮಾಲೀಕರು, ಪಕ್ಕದಲ್ಲಿ ಫಳಫಳಿಸುವ ಬ್ಯಾಟರಿ ಸ್ಕೂಟರ್. ಎಲ್ಲರೂ ರಸ್ತೆಯನ್ನೇ ನೋಡುತ್ತಿದ್ದರು. ಪಂಢರಿನಾಥರು ಬ್ರೇಕ್ ಒತ್ತಿದರು. ಅದು ಹೆಸರಿಗಷ್ಟೇ ಬ್ರೇಕು. ಹೂಕುಂಡಗಳ ಸಾಲಿಗೆ ಗುದ್ದಿ ನಿಂತರು. ಹಿಂದೆಯೇ ಬಂದ ಹೊಗೆ ಮಾಲೀಕರನ್ನು ಪೂರ್ತಿ ನುಂಗಿತು.

ಬಹಳ ಹೊತ್ತು ಸೀನುವ ಸದ್ದೊಂದೇ ಕೇಳಿತು. ಹೊಗೆ ತಿಳಿಯಾದಾಗ ಮಾಲೀಕರು ಕೆಂಪು ಕಣ್ಣು ಒರೆಸಿಕೊಳ್ಳುತ್ತ ಕೇಳಿದರು: “ಸಂಪದಾ, ಇವರೇ ಏನು ಆ ಸೈಕಲ್‌ನವರು?”

ಪಂಢರಿನಾಥರು ತಲೆ ಎತ್ತಿದರು. ಪೆಂಡಾಲಿನ ಬ್ಯಾನರಿನಲ್ಲಿ ಅವರದೇ ಫೋಟೋ. ಕೆಳಗೆ ‘ಎಂದೂ ಹೊಗೆ ಬಿಡದ ನಮ್ಮ ನೌಕರ’ ಎಂದಿತ್ತು.

“ಹೊಗಿ ಬಿಡದವರಿಗೇ ಮೊದಲನೇ ಸ್ಕೂಟರ್ ಕೊಡ್ಬೇಕು ಅಂತ ಸಾಹೇಬ್ರಿಗೆ ಗಂಟುಬಿದ್ದು ಒಪ್ಪಿಸಿದ್ದೆ ಕಾಕಾ,” ಎಂದಳು ಸಂಪದಾ, ಅಳುವ ದನಿಯಲ್ಲಿ. “ಅದಕ್ಕ ನಿನ್ನೆ ಕೇಳಿದ್ದು. ಮೊದಲೇ ಹೇಳಬ್ಯಾಡ ಅಂದಿದ್ರು.”

“ಹೋಗ್ಲಿ ತಂಗಿ,” ಎಂದರು ಪಂಢರಿನಾಥರು ಹಳೇ ಸ್ಕೂಟರ್ ತೋರಿಸಿ. “ಹಂಗಾದ್ರ ಇದನ್ನ ತಗೊಂಡು, ಹೊಗಿ ಬಿಡೋರ ಲೆಕ್ಕದಾಗರೆ ಒಂದು ಕೊಡು.”

“ಅದು ದಿನಾ ಗಾಡಿ ಮ್ಯಾಲೆ ಬಂದವರಿಗೆ. ನೀವು ದಿನಾ ಸೈಕಲ್ ಮ್ಯಾಲೆ ಬಂದೀರಿ ಅಂತ ಬ್ಯಾನರ್ ಕಟ್ಟಿ ಊರಿಗೇ ಹೇಳೀನಲಾ ಕಾಕಾ.”

“ಆ ಪಿಡುಗನ್ನ ಮೊದಲು ಗುಜರಿಗೆ ಹಾಕ್ರಿ,” ಎಂದು ಮಾಲೀಕರು ಇನ್ನೊಮ್ಮೆ ಸೀನಿ ಒಳಗೆ ಹೋದರು. ಆ ದಿನ ತಡವಿಲ್ಲದೆ ನಡೆದ ಕೆಲಸ ಅದೊಂದೇ.

ಸಂಜೆ ಪಂಢರಿನಾಥರು ನಡೆದು ಹೊರಟರು. ಜೊತೆಯವರು ಬ್ಯಾಟರಿ ಸ್ಕೂಟರ್ ಮೇಲೆ ಸದ್ದಿಲ್ಲದೆ ಹಿಂದಿನಿಂದ ಬಂದು, ಸದ್ದಿಲ್ಲದೆ ಮುಂದೆ ಹೋದರು. “ಗಾಳಿ ಎಷ್ಟು ಛಲೋ ಆಗೇದ ನೋಡ್ರಿ,” ಎಂದೊಬ್ಬ ಕೂಗಿ ಹೋದ.

ಏರಿನ ಬುಡದಲ್ಲಿ ಕುಬೇರಪ್ಪನವರು ಸೈಕಲ್ ಒರಗಿಸಿ, ಬೆವರು ಸುರಿಸುತ್ತ ಕಲ್ಲಿನ ಮೇಲೆ ಕೂತಿದ್ದರು.

“ದೇವರು ಬಂದಂಗ ಬಂದ್ರಿ ನೋಡ್ರಿ. ಇಳಿತದಾಗ ಬಂದೆ, ಈ ಏರು ನನ್ನ ಕೈಲೆ ಆಗವಲ್ದು. ನೀವು ತುಳೀರಿ, ನಾ ಹಿಂದ ಕುಂಡರ್ತೇನಿ.”

ಕ್ಯಾರಿಯರ್ ನರಳಿತು. ಮೊಣಕಾಲು ಅದಕ್ಕೆ ದನಿಗೂಡಿಸಿತು. ಅರ್ಧ ಏರು ಹತ್ತುವಾಗ ಹಿಂದಿನಿಂದ ಕುಬೇರಪ್ಪನವರು ತೃಪ್ತಿಯಿಂದ ಹೇಳಿದರು:

“ಹೊಗಿ ಇಲ್ಲ, ಬ್ಯಾಟರಿ ಇಲ್ಲ. ಇಂಥಾ ಗಾಡಿ ಯಾಕ್ ಬಿಟ್ಟು ಕೊಟ್ರಿ ನೀವು?”