ಕತ್ತಿಗೆ ಮೆತ್ತಿದ ಮೇಣ

ಸನ್ಮಾನ ಬೇಡ ಬೇಡ ಅನ್ನುತ್ತಲೇ ಹಾರಕ್ಕೆ ಕತ್ತು ಚಾಚುವವರ ಪೈಕಿ ನಾನೂ ಒಬ್ಬಳು. ಜಿರಳೆ ಕಂಡರೆ ಮಂಚ ಹತ್ತುವ ನನ್ನನ್ನು ಚಿಂತಾಮಣಿಯ ನಮ್ಮ ಬಡಾವಣೆಯ ಸಂಘದವರು 'ವೀರವನಿತೆ' ಎಂದು ಕರೆದು, ವೆಲ್ವೆಟ್ ಒರೆಯ ಕತ್ತಿಯೊಂದನ್ನು ಕೊಟ್ಟಾಗಲೂ ಹಾಗೇ ಆಯಿತು. ಅದರಿಂದ ಬಾಳೆಹಣ್ಣೂ ಕುಯ್ಯಲಾಗದು. ಆದರೂ ಬಂದವರಿಗೆಲ್ಲ ಕಾಣಲಿ ಎಂದು ಒರೆ ಕಳಚಿ ಹಾಲ್‌ನ ಗೋಡೆಗೆ ತೂಗುಹಾಕಿದ್ದೆ. ತುಕ್ಕು ಹಿಡಿಯದಿರಲೆಂದು ಮೊದಲೇ ಬಳಿದಿದ್ದ ಮೇಣ ವರ್ಷಗಳು ಕಳೆದಂತೆ ಧೂಳು ಕುಡಿದು, ಅಲಗು ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು.

ಮೊನ್ನೆ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಮಂಜುನಾಥನ ಫೋನು. "ಮೇಡಂ, ಸಾಯಂಕಾಲ ದೊಡ್ಡ ಸನ್ಮಾನ ಐತೆ. ಆರ್ಡರ್ ಮಾಡಿದ್ದ ಕತ್ತಿ ಬರಲೇ ಇಲ್ಲ. ನಿಮ್ದು ಕೊಡ್ತೀರಾ? ಸ್ವಲ್ಪ ಪಳಪಳ ಅನ್ನಂಗೆ ಮಾಡಿ ಇಡಿ."

ಸಂಘದ ಮಾನದ ಪ್ರಶ್ನೆ. ಅಡುಗೆಮನೆಯ ಚಾಕುವಿನಿಂದ ಮೇಣ ಕೆರೆಯಲು ಹೊರಟೆ. "ಗೀರು ಬೀಳುತ್ತೆ ಕಣೇ, ಕೈಯೂ ಹೋಗುತ್ತೆ," ಎಂದು ಯಜಮಾನರು ತಡೆದು, ಎಂದಿನಂತೆ ಸಲಹೆ ಕೊಟ್ಟು ಪೇಪರ್ ಓದಲು ಕೂತರು. ಕತ್ತಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಮಗಳ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿಗಾಳಿ ಬಿಟ್ಟೆ. ಮೇಣ ಮೆತ್ತಗಾದಂತೆ ಹಳೇ ಬನೀನಿನ ಬಟ್ಟೆಯಲ್ಲಿ ಹಿಡಿಯಿಂದ ತುದಿಯ ಕಡೆಗೆ ಒರೆಸಿದೆ. ಉಳಿದ ಜಿಡ್ಡಿಗೆ, ಒಲೆ ಆರಿಸಿ, ಕಿಟಕಿ ತೆರೆದು, ಕೈಗವಸು ತೊಟ್ಟು, ಬಟ್ಟೆಗೆ ತುಸು ಟರ್ಪೆಂಟೈನ್. ನನ್ನ ಜನ್ಮದಲ್ಲಿ ನಾನು ಮಾಡಿದ ಏಕೈಕ ಕತ್ತಿವರಸೆ ಅದು.

ಹಿಡಿಯ ಹತ್ತಿರ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಅಕ್ಷರಗಳು ಎದ್ದವು. ನನ್ನ ಹೆಸರನ್ನು ಕೆತ್ತಿಸಿದ್ದಾರಲ್ಲಾ ಎಂದು ಕಣ್ಣು ತುಂಬಿ ಬಂತು. ಕನ್ನಡಕ ಹಾಕಿ ನೋಡಿದರೆ: 'ಮೇಲೂರು ವೆಂಕಟರಾಯಪ್ಪನವರಿಗೆ ಪ್ರೀತಿಯಿಂದ.'

ಮಂಜುನಾಥ ಬಂದ ಕೂಡಲೇ ಕತ್ತಿಯನ್ನು ಅವನ ಮುಖದ ಮುಂದೆ ಹಿಡಿದೆ. "ಏನಪ್ಪಾ ಇದು?"

ಅವನು ಒಂದಿಷ್ಟೂ ಅಳುಕಲಿಲ್ಲ. "ಅಯ್ಯೋ, ಅವರು ಇದನ್ನ ಸಂಘದ ಆಫೀಸಲ್ಲೇ ಮರೆತು ಹೋಗಿದ್ರು ಮೇಡಂ. ಸುಮ್ನೆ ಬಿದ್ದಿತ್ತಲ್ಲಾ ಅಂತ ಮೇಣ ಬಳಿದು ನಿಮಗೆ ಕೊಟ್ವಿ. ಒಳ್ಳೇದೇ ಆಯ್ತು ಬಿಡಿ. ಇವತ್ತು ಸನ್ಮಾನ ಅವರಿಗೇ!"

ಸಂಜೆ ವೇದಿಕೆಯಲ್ಲಿ ವೆಂಕಟರಾಯಪ್ಪನವರು ಕತ್ತಿ ಎತ್ತಿ, ಹೆಸರು ಓದಿ, ಕಣ್ಣಿಗೊತ್ತಿಕೊಂಡರು. ಇಂಥ ಎಷ್ಟೋ ಕತ್ತಿ ಕಂಡಿದ್ದ ಅವರಿಗೆ ಇದರ ಗುರುತೇ ಹತ್ತಲಿಲ್ಲ. "ಬೇಕಾದಷ್ಟು ಕಡೆ ಸನ್ಮಾನ ಮಾಡವ್ರೆ. ಹೆಸರು ಕೆತ್ತಿಸಿ ಕೊಟ್ಟೋರು ನೀವೊಬ್ರೇ ಕಣ್ರಪ್ಪಾ," ಅಂದರು. ಭಾರೀ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ನಾನೂ ಟರ್ಪೆಂಟೈನ್ ವಾಸನೆಯ ಕೈಗಳಿಂದ ತಟ್ಟಿದೆ.

ಆಮೇಲೆ ಮಂಜುನಾಥ 'ಸಹಕಾರಕ್ಕಾಗಿ' ಎಂದು ನನ್ನನ್ನೂ ವೇದಿಕೆಗೆ ಕರೆದ. ಬೇಡ ಬೇಡ ಅನ್ನುತ್ತಲೇ ಹೋದೆ. ಶಾಲು ಹೊದಿಸಿದರು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ, ಟ್ಯೂಬ್‌ಲೈಟಿನ ಕೆಳಗೆ ನಿಂತು, ಶಾಲಿನ ಒಂದೊಂದೇ ಮೂಲೆ ತಿರುವಿ ಯಾರ ಹೆಸರಿದೆಯೆಂದು ಹುಡುಕಿದೆ. ಯಾರದೂ ಇರಲಿಲ್ಲ. ಆದರೂ ಆ ಶಾಲನ್ನು ಒಗೆಯಲು ಇನ್ನೂ ಧೈರ್ಯ ಬಂದಿಲ್ಲ.